ಚಿಗರಿಗುಡ್ಡದಲ್ಲಿ ನೀರಿಲ್ಲ ಎಂದು ಸಹಿ ಮಾಡಿದವರಿಗೆ

ಗಣಿ ಗುತ್ತಿಗೆಯ ಕಡತಕ್ಕೆ ಕೊನೆಯ ಸಹಿ ಹಾಕಲಿರುವ ಮಾನ್ಯರೇ,

ಚಿಗರಿಗುಡ್ಡದ ಅಭಯಾರಣ್ಯದಲ್ಲಿರುವ ಒರತೆಯೊಂದು ಇಲ್ಲವೇ ಇಲ್ಲ ಎಂದು ತಮ್ಮ ಕಚೇರಿ ಒಪ್ಪಿಕೊಂಡಿದೆ. ಅಲ್ಲಿ ಕಬ್ಬಿಣದ ಅದಿರು ತೆಗೆಯಲು ಅರ್ಜಿ ಹಾಕಿರುವ ಕಂಪನಿಯ ವರದಿಯ ನಲವತ್ತೊಂದನೆಯ ಪುಟದಲ್ಲಿ ಹೀಗಿದೆ: ‘ಪ್ರಸ್ತಾವಿತ ಗಣಿ ಪ್ರದೇಶದಲ್ಲಿಯಾಗಲಿ, ಅದರ ಸುತ್ತಲಿನ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿಯಾಗಲಿ ಯಾವುದೇ ಶಾಶ್ವತ ಜಲಮೂಲ ಕಂಡುಬಂದಿರುವುದಿಲ್ಲ.’ ಈ ವಾಕ್ಯದ ಪಕ್ಕದಲ್ಲಿ ತಮ್ಮ ಕಚೇರಿಯವರು ಹಸಿರು ಶಾಯಿಯಲ್ಲಿ ‘ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಮಾಡಿದ್ದಾರೆ. ಪರಿಶೀಲನೆಗಾಗಿ ಯಾರೂ ಗುಡ್ಡ ಹತ್ತಿದ ಕುರುಹಿಲ್ಲ. ತಮ್ಮ ಕಚೇರಿಯ ಕಿಟಕಿಯಿಂದ ಗುಡ್ಡ ಕಾಣುವುದಿಲ್ಲ, ಹಾಗಾಗಿ ಒರತೆಯೂ ಕಾಣಲಿಲ್ಲ ಎಂದುಕೊಂಡು ಸುಮ್ಮನಿರಬಹುದಿತ್ತು. ಆಗಲಿಲ್ಲ, ಅದಕ್ಕೇ ಈ ಪತ್ರ.

ತಮ್ಮ ಪರಿಶೀಲನೆ ಎಷ್ಟು ಕಟ್ಟುನಿಟ್ಟಾಗಿದೆಯೆಂದರೆ ಗುಡ್ಡದಿಂದ ಒಂಬತ್ತು ಕಿಲೋಮೀಟರ್ ದೂರದಲ್ಲಿ ಹರಿಯುವ ತುಂಗಭದ್ರೆಯೂ ಅದರಲ್ಲಿ ನಪಾಸಾಗಿದ್ದಾಳೆ. ಇಡೀ ಹೊಳೆಯೇ ಕಣ್ಣಿಗೆ ಬೀಳದವರಿಗೆ ಒಂದು ಒರತೆ ಕಾಣಲಿಲ್ಲವೆಂದು ದೂರುವುದು ನನ್ನ ಅತಿಯಾಸೆಯೇ ಇರಬಹುದು. ಆದರೆ ಗುಡ್ಡದ ಕೆಳಗಿನ ಊರಿನ ಹೆಸರು ಒರತಿಕೊಪ್ಪ. ಕಂದಾಯ ದಾಖಲೆಯಲ್ಲಿ, ಮತದಾರರ ಪಟ್ಟಿಯಲ್ಲಿ, ರಾಣೇಬೆನ್ನೂರಿನಿಂದ ಹೊರಡುವ ಬಸ್ಸಿನ ಫಲಕದಲ್ಲಿ ಹಾಗೆಯೇ ಬರೆದಿದೆ. ನೀರಿಲ್ಲದ ಕಡೆ ಇಂಥ ಹೆಸರಿಟ್ಟ ಹಿರಿಯರ ಮೇಲೆ ತಪ್ಪು ಮಾಹಿತಿ ನೀಡಿದ ಮೊಕದ್ದಮೆ ಹೂಡುವ ವಿಚಾರವೇನಾದರೂ ತಮಗಿದೆಯೇ? ಅಭಯಾರಣ್ಯ ಎಂಬ ಪದದ ಬಗ್ಗೆಯೂ ನನಗೊಂದು ಸಂಶಯವಿತ್ತು. ಅಭಯ ಎಂದರೆ ಭಯವಿಲ್ಲದಿರುವುದು ಎಂದು ನಮ್ಮ ಮಾಸ್ತರರು ಕಲಿಸಿದ್ದರು. ಯಾರಿಗೆ ಭಯವಿಲ್ಲದಿರುವುದು ಎಂದು ಅವರು ಹೇಳಿರಲಿಲ್ಲ. ಕಂಪನಿಗೆ ಎಂದು ಈಗ ತಿಳಿಯಿತು.

ನಾನು ಹಾಲೇಶಪ್ಪ. ರಾಣೇಬೆನ್ನೂರಿನಲ್ಲಿ ಸರ್ಕಾರಿ ಕಚೇರಿಗಳ ಕಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ ಕನ್ನಡ ಬೆರಳಚ್ಚು ಯಂತ್ರ ಇಟ್ಟುಕೊಂಡು ಇಪ್ಪತ್ತೆಂಟು ವರ್ಷಗಳಿಂದ ಜನರ ಅರ್ಜಿಗಳನ್ನು ಟೈಪು ಮಾಡಿಕೊಡುತ್ತಿದ್ದೇನೆ. ವಿಧವಾ ವೇತನ, ಖಾತೆ ಬದಲಾವಣೆ, ಬಸ್ಸು ಬಾರದ್ದು, ಕರೆಂಟು ಹೋದದ್ದು. ಜನ ಅತ್ತು ಹೇಳಲಿ, ಬೈದು ಹೇಳಲಿ, ಎಲ್ಲವನ್ನೂ ‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಸಾಲಿನೊಳಗೆ ತುರುಕುವುದು ನನ್ನ ಕಸುಬು. ತಮ್ಮಂಥವರಿಗೆ ಅರ್ಥವಾಗುವ ಕನ್ನಡ ನನಗೆ ಚೆನ್ನಾಗಿ ಬರುತ್ತದೆ. ‘ಕೊಟ್ಟಿಲ್ಲ’ ಎಂದರೆ ತಮಗೆ ಕೇಳಿಸದು, ‘ಮಂಜೂರಾತಿಯು ಬಾಕಿ ಇರುತ್ತದೆ’ ಎಂದರೆ ಕೇಳಿಸುತ್ತದೆ. ಇಷ್ಟು ತಿಳಿದಿದ್ದರಿಂದಲೇ ನನ್ನ ಹೊಟ್ಟೆಪಾಡು ನಡೆದಿದೆ. ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ತಾವೇ ಪತ್ತೆ ಹಚ್ಚಿದಂತಾಗಬಾರದು. ನಲವತ್ತೊಂದನೆಯ ಪುಟದ ಆ ವಾಕ್ಯವನ್ನು ಟೈಪು ಮಾಡಿದವನು ನಾನೇ.

ಮೊದಲಿನಿಂದ ಹೇಳುತ್ತೇನೆ. ಒರತಿಕೊಪ್ಪದ ಬೋರುಗಳ ನೀರು ಸವಳು. ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ. ಕುಡಿಯುವ ನೀರು ಗುಡ್ಡದ ಒರತೆಯಿಂದ ಕಲ್ಲುಕಾಲುವೆಯಲ್ಲಿ ಇಳಿದು ಊರ ಹೊಂಡಕ್ಕೆ ಬರುತ್ತದೆ. ಊರಿನ ಪಾಲು ಇದು. ಮೇಲೆ, ಒರತೆಯ ಬಾಯಲ್ಲೇ, ಎತ್ತಿನ ಬಂಡಿ ನಿಲ್ಲುವಷ್ಟು ಅಗಲದ ಒಂದು ಗುಂಡಿಯಿದೆ. ಅದು ತಮ್ಮ ಕಡತಗಳು ಕೃಷ್ಣಮೃಗ ಎಂದು ಕರೆಯುವ ಚಿಗರಿ, ತೋಳ, ನವಿಲು, ಕಾಡುಹಂದಿಗಳ ಪಾಲು. ಈ ಹಂಚಿಕೆಯನ್ನು ಯಾವ ಕಚೇರಿಯೂ ಮಾಡಿದ್ದಲ್ಲ, ಆದ್ದರಿಂದ ಇದುವರೆಗೆ ತಕರಾರು ಬಂದಿಲ್ಲ. ಇದನ್ನು ಕಾಯುತ್ತಿದ್ದವರು ಗೂಡುಸಾಬ. ಇಪ್ಪತ್ತೆರಡು ವರ್ಷ ಅರಣ್ಯ ಇಲಾಖೆಯಲ್ಲಿ ದಿನಗೂಲಿ ಕಾವಲುಗಾರರಾಗಿದ್ದರು. ಕೆಲಸ ಕಾಯಂ ಮಾಡಿರೆಂದು ಅವರು ಕೊಟ್ಟ ಹದಿನೇಳು ಅರ್ಜಿಗಳನ್ನೂ ನಾನೇ ಟೈಪು ಮಾಡಿದ್ದೇನೆ. ಪ್ರತಿಯೊಂದರಲ್ಲೂ ‘ಚಿಗರಿಗುಡ್ಡದ ಒರತೆಯ ಕಾವಲು ಕರ್ತವ್ಯವನ್ನು ನಿರ್ವಹಿಸುತ್ತಿದ್ದು’ ಎಂಬ ಸಾಲಿದೆ. ಅಂದರೆ ಒರತೆ ಇದೆ ಎಂದು ನನ್ನ ಯಂತ್ರ ಹದಿನೇಳು ಸಲ ಹೇಳಿತು, ಇಲ್ಲ ಎಂದು ಒಂದು ಸಲ ಹೇಳಿತು. ಸರ್ಕಾರ ನಂಬಿದ್ದು ಯಾವುದನ್ನು ಎಂಬುದು ತಮಗೆ ಗೊತ್ತೇ ಇದೆ.

ಕಳೆದ ವರ್ಷ, ೨೦೦೬ರ ಏಪ್ರಿಲ್ ತಿಂಗಳಲ್ಲಿ, ಕಂಪನಿಯ ಪರವಾಗಿ ಗುಡ್ಡದ ಸಮೀಕ್ಷೆಗೆಂದು ಮಾಂತೇಶ ಎಂಬ ಭೂವಿಜ್ಞಾನಿ ಬಂದ. ಬಾಗಲಕೋಟೆ ಕಡೆಯ ಹುಡುಗ, ಇಪ್ಪತ್ತಾರು ವರ್ಷ. ಜೊತೆಗಿದ್ದವರನ್ನು ನೆರಳಲ್ಲಿ ಬಿಟ್ಟು, ನಡುಮಧ್ಯಾಹ್ನ ಒಬ್ಬನೇ ಕಲ್ಲು ಬಡಿಯುತ್ತ ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋಗಿದ್ದಾನೆ. ಅಲ್ಲಿ ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದಾನೆ. ಅವನನ್ನು ಕಂಡವಳು ಒರತಿಕೊಪ್ಪದ ಮೈಲವ್ವ. ಅರವತ್ತರ ಮೇಲಿನ ಹೆಂಗಸು. ಸುಗ್ಗಿಯಲ್ಲಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ, ಉಳಿದ ದಿನ ಗುಡ್ಡದಂಚಿನಲ್ಲಿ ಆಡು ಮೇಯಿಸುತ್ತಾಳೆ. ಆಕೆಯೇ ನನಗೆ ಹೇಳಿದ್ದು:

‘ಟೊಪಿಗಿ ಕಲ್ಲಬಂಡಿ ಮ್ಯಾಲ ಇತ್ತು, ಮನಿಷ್ಯಾ ಕೆಳಗ ಬಿದ್ದಿದ್ದ. ಮೊದಲ ಸತ್ತಾನ ಅಂತನ ತಿಳಕೊಂಡೆ. ಮೂಗಿಗೆ ಕೈ ಹಿಡದ್ರ ಉಸರ ಆಡತಿತ್ತು. ನನ್ನ ಹಂತ್ಯಾಕ ಒಂದ ಚರಗಿ ಸೈತ ಇರಲಿಲ್ಲ ತಮ್ಮಾ. ಒರತಿಗೆ ಓಡಿ ಸೆರಗ ನೆನಸಿಕೊಂಡ ಬಂದ ಬಾಯಾಗ ಹಿಂಡಿದೆ. ಮೂರ ಸಲ ಓಡೀನಿ. ಮೂರನೇ ಸಲಕ್ಕ ಕಣ್ಣ ತಗದ.’

ಆಕೆಯ ಕೂಗು ಕೇಳಿ ಗೂಡುಸಾಬ ಬಂದರು. ಹುಡುಗನನ್ನು ಹೆಗಲ ಮೇಲೆ ಹೊತ್ತು ಒರತೆಯ ತನಕ ತಂದು, ನೀರಲ್ಲಿ ಕುತ್ತಿಗೆಮಟ ಕೂರಿಸಿದರು. ಮುಂದಿನ ಎರಡು ದಿನ ಅವನು ಗೂಡುಸಾಬರ ಮನೆಯಲ್ಲೇ ಮಲಗಿದ್ದ. ಅವರ ಹೆಂಡತಿ ಕುಲ್ಸುಮಬಿ ಅದೇ ಒರತೆಯ ನೀರಿನಲ್ಲಿ ಗಂಜಿ ಕಾಯಿಸಿ ಕುಡಿಸಿದರು. ಹೋಗುವ ದಿನ ಅವನು ಮೈಲವ್ವನ ಕಾಲು ಮುಟ್ಟಿ, ‘ಅವ್ವಾ, ಈ ನೀರ ಇರಲಿಲ್ಲಂದ್ರ ನಾ ಇರತಿರಲಿಲ್ಲ’ ಎಂದನಂತೆ. ಮೈಲವ್ವನಿಗೆ ಅದು ದೊಡ್ಡ ಮಾತೆನಿಸಲಿಲ್ಲ. ಆ ಒರತೆಯ ಬಗ್ಗೆ ಒರತಿಕೊಪ್ಪದ ಯಾರೇ ಆದರೂ ಆಡುವ ಮಾತು ಅದು.

ಜೂನ್ ತಿಂಗಳಲ್ಲಿ ಕಂಪನಿಯ ಮನುಷ್ಯನೊಬ್ಬ ನನ್ನ ಬೇವಿನ ಮರದ ಬಳಿ ಕಾರು ನಿಲ್ಲಿಸಿದ. ವರದಿಯನ್ನು ಕನ್ನಡದಲ್ಲೂ ಜನರಿಗೆ ಕೊಡಬೇಕೆಂದು ಕಾಯ್ದೆಯಿದೆಯಂತೆ. ಜನರಿಗೆ ಅರ್ಥವಾಗಲಿ ಎಂಬ ಕಾಯ್ದೆಯೂ ಇದ್ದಿದ್ದರೆ ಚೆನ್ನಾಗಿತ್ತು, ಅದು ಇಲ್ಲವೆಂದು ವರದಿ ನೋಡಿದಾಗ ಗೊತ್ತಾಯಿತು. ಯಾರೋ ಕೈಯಲ್ಲಿ ಬರೆದ ಅನುವಾದವನ್ನು ನನ್ನ ಮುಂದಿಟ್ಟು, ‘ಲಗೂ ಮಾಡ್ರಿ, ನಾಳಿ ಸಂಜಿ ಗಾಡಿಗೆ ಇದು ಹೋಗಬೇಕು’ ಎಂದ. ನಾನು ಟೈಪು ಮಾಡುತ್ತ ಹೋದೆ. ಗುಡ್ಡದ ವನ್ಯಜೀವಿಗಳ ಪಟ್ಟಿಯಲ್ಲಿ ಕಾಗೆ, ಓತಿಕ್ಯಾತ, ಅಳಿಲು ಇದ್ದವು. ಚಿಗರಿಗುಡ್ಡದಲ್ಲಿ ಚಿಗರಿ ಇರಲಿಲ್ಲ. ನಲವತ್ತೊಂದನೆಯ ಪುಟಕ್ಕೆ ಬಂದಾಗ ನನ್ನ ಬೆರಳುಗಳು ರೂಢಿಯ ಬಲದಿಂದ ‘ಜಲಮೂಲ ಕಂಡುಬಂದಿರುತ್ತದೆ’ ಎಂದು ಹೊಡೆದುಬಿಟ್ಟವು. ಬೆನ್ನ ಹಿಂದೆ ನಿಂತಿದ್ದ ಅವನು ‘ಇಲ್ಲ, ಇರುವುದಿಲ್ಲ ಅಂತ ಐತಿ ನೋಡ್ರಿ’ ಎಂದು ತೋರಿಸಿದ. ನಾನು ತಪ್ಪು ಅಳಿಸುವ ಬಿಳಿ ಹಚ್ಚಿ, ಆರಲು ಊದಿ, ಮೇಲೆ ‘ಇರುವುದಿಲ್ಲ’ ಎಂದು ಹೊಡೆದೆ. ಆಗ ನನಗೆ ಗೂಡುಸಾಬರ ನೆನಪಾಗಲಿಲ್ಲವೇ? ಆಯಿತು. ಆದರೂ ಹೊಡೆದೆ. ಅವರು ಹೇಳಿದ್ದನ್ನು ಬರೆಯುವವನು ನಾನು, ಖರೇ ಸುಳ್ಳು ನೋಡುವವರು ಮೇಲಿದ್ದಾರೆ ಎಂದುಕೊಂಡೆ. ಮೇಲಿದ್ದವರು ತಾವು. ತಾವು ಬಹುಶಃ, ಕೆಳಗಿನವರು ನೋಡಿಯೇ ಬರೆದಿರುತ್ತಾರೆ ಎಂದುಕೊಂಡಿರಿ. ಹೀಗೆ ನಾವಿಬ್ಬರೂ ಒಬ್ಬರನ್ನೊಬ್ಬರು ನಂಬಿ ಒಂದು ಒರತೆಯನ್ನು ತೆಗೆದುಹಾಕಿದೆವು.

ಡಿಸೆಂಬರಿನಲ್ಲಿ ಕೊರೆಯುವ ಯಂತ್ರ ಬಂತು. ಇದು ಗಣಿಗಾರಿಕೆಯಲ್ಲ, ಬರೀ ಪರೀಕ್ಷೆ ಎಂದು ತಮ್ಮ ಅನುಮತಿ ಪತ್ರದಲ್ಲಿದೆ. ಒರತೆಯ ಮೇಲ್ಗಡೆಯ ಇಳಿಜಾರಿನಲ್ಲಿ ಮೂರು ಕಡೆ ಪರೀಕ್ಷೆ ನಡೆಯಿತು. ಮೂರನೆಯದು ಮುಗಿದ ಮರುದಿನ ಊರ ಹೊಂಡದ ನೀರು ಕೆಂಪಾಯಿತು. ಬ್ಯಾಡಗಿಯ ಕೆಂಪು ಕಂಡು ಬೆಳೆದ ಜನ ನಾವು, ಕೆಂಪಿಗೆ ಹೆದರುವವರಲ್ಲ. ಆದರೆ ಈ ಕೆಂಪನ್ನು ಸೋಸಿದರೂ ಬಟ್ಟೆಯಲ್ಲಿ ರಾಡಿ ಉಳಿಯುತ್ತಿತ್ತು. ವಾರದೊಳಗೆ ಒರತೆಯ ಗುಂಡಿ ಒಂದು ಮೊಳ ಇಳಿಯಿತು. ಗೂಡುಸಾಬ ಓಡಿಹೋಗಿ ಅರಣ್ಯ ಇಲಾಖೆಯ ಮೇಲಿನವರಿಗೆ ತಿಳಿಸಿದರು. ಅವರು ಕಡತ ತೆಗೆದು ನೋಡಿ ಹೇಳಿದ್ದು: ‘ವರದಿಯಲ್ಲಿ ಒರತೆಯೇ ಇಲ್ಲ. ಇಲ್ಲದ್ದು ಕೆಂಪಾಗುವುದು ಹೇಗೆ?’ ಇದಕ್ಕೆ ಉತ್ತರ ಕೊಡುವಷ್ಟು ವಿದ್ಯೆ ಗೂಡುಸಾಬರಿಗಿರಲಿಲ್ಲ. ನನಗೂ ಇಲ್ಲ. ತಮಗಿದ್ದರೆ ತಿಳಿಸಿ.

ಯಂತ್ರದ ಸದ್ದಿಗೆ ಹೆದರಿ ಚಿಗರಿಗಳು ಒರತೆಯ ಹತ್ತಿರ ಸುಳಿಯುವುದನ್ನು ಬಿಟ್ಟವು. ನಸುಕಿನಲ್ಲಿ ಊರೊಳಗೆ ದನಗಳಿಗೆ ನೀರಿಡುವ ಬಾನಿಗಳ ತನಕ ಬರತೊಡಗಿದವು. ಹಾಗೆ ಬಂದ ಒಂದು ಗಬ್ಬದ ಚಿಗರಿಯನ್ನು ನಾಯಿಗಳು ಅಟ್ಟಿಸಿಕೊಂಡು ಹೋದವು. ಅದು ಮೈಲವ್ವನ ಹಿತ್ತಲ ಮುಳ್ಳುಬೇಲಿಗೆ ಸಿಕ್ಕಿಕೊಂಡಿತು. ಆಕೆ ಬಡಿಗೆ ಹಿಡಿದು ಬರುವಷ್ಟರಲ್ಲಿ ನಾಯಿಗಳು ಹೊಟ್ಟೆ ಹರಿದಿದ್ದವು. ಗೂಡುಸಾಬ ಬಂದು ಅದರ ಕಣ್ಣಿಗೆ ತಮ್ಮ ರುಮಾಲು ಮುಚ್ಚಿ, ಪಂಚನಾಮೆ ಆಗುವ ತನಕ ಬಿಸಿಲಲ್ಲಿ ಪಕ್ಕಕ್ಕೇ ಕೂತಿದ್ದರಂತೆ. ಪಂಚನಾಮೆಯಲ್ಲಿ ‘ಆಕಸ್ಮಿಕ ಮರಣ’ ಎಂದಿದೆ. ಎಂಟು ದಿನಗಳ ನಂತರ ಗೂಡುಸಾಬರಿಗೆ ನಾಳೆಯಿಂದ ಬರುವುದು ಬೇಡವೆಂದರು. ಕಾಗದದ ಪ್ರಕಾರ ಅಲ್ಲಿ ಕಾಯಲು ನೀರೂ ಇಲ್ಲ, ಚಿಗರಿಯೂ ಇಲ್ಲ. ಕಾವಲುಗಾರನೊಬ್ಬನೇ ಯಾಕೆ ಉಳಿಯಬೇಕು? ಆಡಳಿತದ ದೃಷ್ಟಿಯಿಂದ ಇದು ತೀರಾ ಸರಿಯಾದ ಕ್ರಮ.

ಅದಾದ ಮೇಲೆ ಒಂದು ಬೆಳಿಗ್ಗೆ ಮೈಲವ್ವ ಮತ್ತು ಗೂಡುಸಾಬ ನನ್ನ ಹತ್ತಿರ ಬಂದರು. ಮೈಲವ್ವನ ಕೈಯಲ್ಲಿ ಪಂಚಾಯತಿಯಿಂದ ತಂದ ಕನ್ನಡ ವರದಿಯಿತ್ತು. ಆಕೆಗೆ ಓದು ಬಾರದು, ಆದರೆ ಪುಟವನ್ನು ಮಡಿಚಿ ಗುರುತು ಮಾಡಿಸಿಕೊಂಡಿದ್ದಳು.

‘ತಮ್ಮಾ, ಒರತಿ ಇಲ್ಲಂತ ಇದರಾಗ ಬರದಾರಂತ. ಯಾರ ಬರದಾರ ಇದನ್ನ?’

ನನ್ನ ಯಂತ್ರದಲ್ಲಿ ‘ಲ’ ಅಕ್ಷರ ಸ್ವಲ್ಪ ಮೇಲೆ ಹಾರುತ್ತದೆ. ಆ ಪುಟದಲ್ಲೂ ಹಾರಿತ್ತು. ಕಂಪನಿಯವರು ಎಂದು ಹೇಳಬಹುದಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಗೂಡುಸಾಬ ನನ್ನ ಮುಖ ನೋಡುತ್ತ ನಿಂತಿದ್ದರು.

‘ನಾನ ಬರದೇನಿ ಬೇ ಮೈಲವ್ವಾ’ ಎಂದೆ.

‘ನೀ ಗುಡ್ಡಕ್ಕ ಬಂದ ನೋಡಿದ್ಯಾ?’

‘ಇಲ್ಲ.’

‘ಒರತಿ ಐತಿ ಅನ್ನೂದು ಗೊತ್ತಿದ್ದಿಲ್ಲ?’

‘ಗೊತ್ತಿತ್ತು.’

ಆಕೆ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಆಕೆ ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ‘ಹಂಗಾರ ಈಗ ಐತಿ ಅಂತ ಬರಿ. ಅದೂ ಬರತೈತಿಲ್ಲ ನಿನಗ?’ ಎಂದಳು. ಅಂದು ನಾನು ಬರೆದ ಅರ್ಜಿ ತಮ್ಮ ಕಚೇರಿಯಲ್ಲಿದೆ. ಅದರ ಪಕ್ಕದಲ್ಲಿ ಹಸಿರು ಶಾಯಿ ಇನ್ನೂ ಬಿದ್ದಿಲ್ಲ. ಮಾಂತೇಶನನ್ನು ಬದುಕಿಸಿದ ಕಥೆಯನ್ನು ಅವರು ಹೇಳಿದ್ದೂ ಅಂದೇ. ವರದಿಯ ಕೊನೆಯಲ್ಲಿ ಯಾರ ಸಹಿಯಿದೆ ಎಂದು ನಾನು ಓದಿ ಹೇಳಿದಾಗ ಗೂಡುಸಾಬ, ‘ಮೈಲವ್ವಕ್ಕಾ, ನಮ್ಮ ಮಾಂತೇಶಪ್ಪನ ಹೆಸರ ಐತಿ’ ಎಂದು ಎರಡು ಸಲ ಹೇಳಿದರು. ಮೈಲವ್ವ ಕೇಳಿಸದವಳ ಹಾಗೆ ಬಸ್ಸಿನ ಹೊತ್ತಾಯಿತೆಂದು ಎದ್ದಳು.

ಜನವರಿ ಹದಿನೆಂಟರಂದು ಹಾವೇರಿಯಲ್ಲಿ ಸಾರ್ವಜನಿಕರ ಅಹವಾಲು ಕೇಳುವ ಸಭೆ ಏರ್ಪಾಡಾಯಿತು. ಸಾರ್ವಜನಿಕರು ಇರುವುದು ಗುಡ್ಡದ ಕೆಳಗೆ, ಸಭೆ ಹಾವೇರಿಯಲ್ಲಿ. ಅಂದು ಗುರುವಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ದಿನ, ಸುಗ್ಗಿಯ ನಟ್ಟನಡುವೆ. ಒರತಿಕೊಪ್ಪದ ಅರ್ಧ ಊರು ಬ್ಯಾಡಗಿಯಲ್ಲಿರುವ ದಿನವನ್ನೇ ಹುಡುಕಿ ತೆಗೆದ ತಮ್ಮವರ ಸ್ಥಳೀಯ ಜ್ಞಾನಕ್ಕೆ ನಮಸ್ಕಾರ. ಒರತೆಯ ವಿಷಯದಲ್ಲಿ ಮಾತ್ರ ಈ ಜ್ಞಾನ ಎಲ್ಲಿ ಹೋಗಿತ್ತೋ. ಹೆಂಗಸರು ಅಂದಿನ ಕೂಲಿ ಬಿಟ್ಟು ಎರಡು ಟೆಂಪೋಗಳಲ್ಲಿ ನಿಂತುಕೊಂಡೇ ಬಂದರು. ವೇದಿಕೆಯ ಮೇಲೆ ಅಧ್ಯಕ್ಷತೆಯ ಅಧಿಕಾರಿ, ಕಂಪನಿಯ ಹಿರಿಯರು, ಮೂರನೆಯ ಕುರ್ಚಿಯಲ್ಲಿ ಮಾಂತೇಶ. ಅವನು ತಲೆಯೆತ್ತಲಿಲ್ಲ. ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದರು. ಗುಡ್ಡ ತೆಗೆದ ಮೇಲೆ ಅಲ್ಲಿ ಗುಲ್ಮೊಹರ್ ನೆಡುತ್ತಾರಂತೆ. ಚೀನಾದಲ್ಲಿ ಮುಂದಿನ ವರ್ಷ ನಡೆಯುವ ಆಟಗಳಿಗೆ ಮೈದಾನ ಕಟ್ಟಲು ಕಬ್ಬಿಣಕ್ಕೆ ಭಾರೀ ಬೇಡಿಕೆಯಂತೆ. ನಮ್ಮ ಊರಿನ ಹೆಸರು ಜಗತ್ತಿಗೆ ಗೊತ್ತಾಗುತ್ತದೆಯಂತೆ. ಯಾವುದೋ ದೇಶದ ಓಟಗಾರ ನಮ್ಮ ಗುಡ್ಡದ ಮೇಲೆ ನಿಂತು ಪದಕ ಪಡೆಯುವಾಗ, ನಮ್ಮ ಹೆಂಗಸರು ಕೊಡ ಹೊತ್ತು ಓಡುತ್ತಿರುತ್ತಾರೆ. ಅದಕ್ಕೂ ಒಂದು ಪದಕ ಇಟ್ಟಿದ್ದಾರೆಯೇ ಎಂದು ವಿಚಾರಿಸಬೇಕು.

ನನ್ನ ಸರದಿ ಬಂದಾಗ ಎದ್ದು, ನಲವತ್ತೊಂದನೆಯ ಪುಟವನ್ನು ಟೈಪು ಮಾಡಿದವನು ನಾನು, ಅದು ಸುಳ್ಳು ಎಂದೆ. ‘ಟೈಪಿಸ್ಟರ ಅಭಿಪ್ರಾಯಕ್ಕೆ ಇಲ್ಲಿ ಅವಕಾಶವಿಲ್ಲ’ ಎಂದರು ಅಧ್ಯಕ್ಷರು. ಆಗ ಮೈಲವ್ವ ಒಂದು ತಾಮ್ರದ ಕೊಡ ಹೊತ್ತು ವೇದಿಕೆಯತ್ತ ನಡೆದಳು.

‘ಅದೇನಮ್ಮ?’ ಅಧ್ಯಕ್ಷರು ಕೇಳಿದರು.

‘ನೀರ್ರಿ ಸಾಹೇಬ್ರ.’

‘ನೀರಿನ ವ್ಯವಸ್ಥೆ ನಾವೇ ಮಾಡಿದ್ದೇವಲ್ಲ.’

‘ನಿಮ್ಮದು ಇರೂ ನೀರು. ಇದು ಇಲ್ಲದ ನೀರ್ರಿ.’

ಸಭೆ ನಕ್ಕಿತು. ಅಧ್ಯಕ್ಷರೂ ಏನೆಂದು ತಿಳಿಯದೆ ನಕ್ಕರು. ಮೈಲವ್ವ ಒಂದು ಲೋಟ ಬಗ್ಗಿಸಿ ಮಾಂತೇಶನ ಮುಂದಿಟ್ಟಳು. ನೀರು ತುಸು ಕೆಂಪಗಿತ್ತು. ‘ಯಪ್ಪಾ, ಕುಡಿ. ಗುರ್ತ ಹತ್ತತೈತೇನ ನೋಡು’ ಎಂದಳು. ಅವನು ಲೋಟ ತೆಗೆದುಕೊಂಡ. ತಳದವರೆಗೆ ಕುಡಿದ. ‘ಇದು ಎಲ್ಲಿಯ ನೀರೆಂದು ತಾವು ಹೇಳಬಲ್ಲಿರಾ?’ ಎಂದು ಅಧ್ಯಕ್ಷರು ಅವನನ್ನು ಕೇಳಿದರು. ಅವನು ಪಕ್ಕದ ಹಿರಿಯರತ್ತ ನೋಡಿದ. ಆಮೇಲೆ ಮೇಜು ನೋಡುತ್ತ, ‘ಪ್ರಯೋಗಾಲಯದ ವರದಿ ಬರದೆ ಹೇಳಲಾಗುವುದಿಲ್ಲ’ ಎಂದ.

ಮೈಲವ್ವ ಲೋಟ ವಾಪಸು ತೆಗೆದುಕೊಂಡಳು. ‘ಹೋಗ್ಲಿ ಬಿಡು’ ಎಂದಳು, ಮೆಲ್ಲಗೆ, ಮಗುವಿಗೆ ಹೇಳಿದಂತೆ. ‘ಆವತ್ತ ನಾ ಯಾವ ವರದಿ ಕೇಳದ ಕುಡಿಸಿದ್ದೆ.’

ಕೊಡವನ್ನು ಮತ್ತೆ ಹೊತ್ತು ತನ್ನ ಸಾಲಿಗೆ ಮರಳಿದಳು.

ಸಭೆಯ ನಡಾವಳಿ ಹದಿನೈದು ದಿನಕ್ಕೆ ಬಂತು. ಅದನ್ನು ಬರೆದವರ ಪ್ರತಿಭೆಯ ಮುಂದೆ ನನ್ನ ಇಪ್ಪತ್ತೆಂಟು ವರ್ಷದ ಅನುಭವ ಏನೇನೂ ಅಲ್ಲ. ಅದರಲ್ಲಿ ಹೀಗಿದೆ: ‘ಸಭೆಯಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಮಾಡಲಾಗಿತ್ತು. ಸ್ಥಳೀಯ ಮಹಿಳೆಯೊಬ್ಬರು ಸ್ವಯಂಪ್ರೇರಿತರಾಗಿ ನೀರು ವಿತರಿಸಿ ಸಹಕರಿಸಿದರು. ಸಾರ್ವಜನಿಕರು ಯೋಜನೆಯನ್ನು ಸ್ವಾಗತಿಸಿದರು.’ ಮೈಲವ್ವನಿಗೆ ಓದಿ ಹೇಳಿದೆ. ‘ಸ್ವಯಂಪ್ರೇರಿತ ಅಂದ್ರ ಏನೋ ತಮ್ಮಾ?’ ಎಂದಳು. ಯಾರೂ ಹೇಳದೆ ತಾನೇ ಮಾಡುವುದು ಎಂದೆ. ‘ಅದೊಂದ ಖರೇ ಬರದಾರ’ ಎಂದಳು.

ನಡಾವಳಿ ಬಂದ ನಂತರದ ಮೊದಲ ಭಾನುವಾರ, ಕಚೇರಿಗಳಿಗೆ ರಜೆ. ಅಂದು ಯಂತ್ರದ ರಿಬ್ಬನ್ನು ಬದಲಿಸಲೆಂದು ನಾನು ಮರದ ಕೆಳಗೆ ಕೂತಿದ್ದೆ. ಮಾಂತೇಶ ಬಸ್ಸಿಳಿದು ಬಂದ. ಮುಖ ಇಳಿದಿತ್ತು. ಬೆಂಚಿನ ತುದಿಗೆ ಕೂತು, ‘ಟೈಪ್ ಮಾಡ್ರಿ’ ಎಂದ. ಅವನು ಹೇಳುತ್ತ ಹೋದ, ನಾನು ಹೊಡೆಯುತ್ತ ಹೋದೆ. ಅವನು ಮೊದಲು ಕೊಟ್ಟ ವರದಿಯಲ್ಲಿ ಆ ಒರತೆ ಇತ್ತು. ಬೇಸಿಗೆಯಲ್ಲೂ ಬತ್ತದ ನೀರು, ಅದರ ಮೇಲ್ಗಡೆಯ ಕಲ್ಲನ್ನು ಮುಟ್ಟಿದರೆ ಒರತೆ ದಿಕ್ಕು ತಪ್ಪುತ್ತದೆ, ಆದ್ದರಿಂದ ಗಣಿ ಬೇಡ ಎಂದು ಬರೆದಿದ್ದ. ಆ ಪುಟವನ್ನು ತೆಗೆದು ಬೇರೆ ಪುಟ ಸೇರಿಸಿದರು. ಕೊನೆಯ ಪುಟದ ಅವನ ಸಹಿ ಇದ್ದಲ್ಲೇ ಉಳಿಯಿತು. ಗೊತ್ತಾದಾಗ ಅವನು ಕೇಳಿದ್ದಕ್ಕೆ, ಇದು ನಿನ್ನ ಮೊದಲನೆಯ ಕೆಲಸವೋ ಕೊನೆಯದೋ ಎಂದರಂತೆ. ಅವನು ಸುಮ್ಮನಾದ.

‘ಇಷ್ಟ ದಿನ ಸುಮ್ಮನಿದ್ದೆ ಅನ್ನೂದನ್ನೂ ಬರೀರಿ’ ಎಂದ. ಬರೆದೆ. ನೋಟರಿಯ ಮುದ್ರೆ ಬಿದ್ದ ಅದರ ಪ್ರತಿಯನ್ನೂ, ಅವನ ಬಳಿಯಿದ್ದ ಮೂಲ ಪುಟದ ನಕಲನ್ನೂ ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಸಹಿ ಮಾಡಿದ ಮೇಲೆ ಅವನು ಒರತಿಕೊಪ್ಪಕ್ಕೆ ಹೊರಟ, ನಾನೂ ಜೊತೆಗೆ ಹೋದೆ. ಮೈಲವ್ವನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಅಲ್ಲೇ ನಿಂತ. ಒಳಗಿನಿಂದ ಆಕೆ ನೋಡಿದಳು. ‘ನಿಂತಾವ ನಿಂತ ಇರತೀಯೋ, ಬಂದ ಕುಂದರತೀಯೋ? ರೊಟ್ಟಿ ಆರಾಕತ್ಯಾವು’ ಎಂದಳು. ಅವನು ಹೊಸ್ತಿಲ ಮೇಲೇ ಕೂತು ಅತ್ತ. ಆಕೆ ಅಳು ಮುಗಿಯುವ ತನಕ ಕಾದು, ತಾಟು ಮುಂದಿಟ್ಟಳು. ಅವನ ಕೆಲಸ ಈಗ ಹೋಗಿದೆ.

ಊರವರು ಆ ವಾರವೇ ಗುಡ್ಡದ ಬಂಡಿದಾರಿಯಲ್ಲಿ ಕೂತರು. ಹತ್ತೊಂಬತ್ತು ದಿನ. ಕೊರೆಯುವ ಯಂತ್ರ ಕೆಳಗಿಳಿಯಲು ದಾರಿ ಬಿಡುತ್ತೇವೆ, ಮೇಲೆ ಹತ್ತಲು ಬಿಡುವುದಿಲ್ಲ ಎಂದರು. ಇಪ್ಪತ್ತನೆಯ ದಿನ ಅದು ಇಳಿದು ಹೋಯಿತು. ಒರತೆಯ ನೀರು ಮೆಲ್ಲಗೆ ತಿಳಿಯಾಗುತ್ತಿದೆ, ನಾಲ್ಕು ಬೆರಳು ಏರಿದೆ, ಹಳೆಯ ಮಟ್ಟಕ್ಕೆ ಬಂದಿಲ್ಲ. ಬರುತ್ತದೆಯೋ ಇಲ್ಲವೋ ಎಂದು ಕೇಳಿದರೆ ಮಾಂತೇಶನೂ ಹೇಳಲಾರ. ಆದರೆ ಕಡತ ಇನ್ನೂ ತಮ್ಮ ಮೇಜಿನ ಮೇಲಿದೆ, ಪೂರ್ಣ ಗುತ್ತಿಗೆಗೆ ತಮ್ಮ ಒಂದು ಸಹಿ ಸಾಕು ಎಂದು ಕಂಪನಿಯವರು ಹೇಳಿಕೊಂಡು ತಿರುಗುತ್ತಿದ್ದಾರೆ.

ನನ್ನ ವಿಷಯವೂ ತಮ್ಮ ಗಮನಕ್ಕಿರಲಿ. ಹಾವೇರಿಯ ಸಭೆಯ ನಂತರ ನನ್ನ ಯಂತ್ರದ ಅರ್ಜಿಗಳು ಕೆಲವು ಕಚೇರಿಗಳಲ್ಲಿ ‘ಅಕ್ಷರ ಸ್ಪಷ್ಟವಿಲ್ಲ’ ಎಂದು ವಾಪಸಾಗುತ್ತಿವೆ. ಇಪ್ಪತ್ತೆಂಟು ವರ್ಷ ಸ್ಪಷ್ಟವಾಗಿದ್ದ ಅಕ್ಷರ ಅದು. ಪಾಪದ ಜನ, ನನ್ನಿಂದ ಅವರ ಕೆಲಸ ಕೆಡುವುದು ಬೇಡವೆಂದು ನಾನೇ ಎದುರಿನ ಕಂಪ್ಯೂಟರ್ ಅಂಗಡಿಗೆ ಕಳಿಸುತ್ತೇನೆ.

ಹೋದ ವಾರ ಗುಡ್ಡ ಹತ್ತಿದೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ. ಗೂಡುಸಾಬ ಅಲ್ಲೇ ಇದ್ದರು. ಖಾಕಿ ಅಂಗಿಯಿಲ್ಲ, ಸಂಬಳವಿಲ್ಲ, ಒರತೆಯ ಗುಂಡಿಯಲ್ಲಿ ಇಳಿದು ಕೆಂಪು ರಾಡಿಯನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ಹಾಕುತ್ತಿದ್ದರು. ಬೆಳಗಾದರೆ ಬರುತ್ತಾರಂತೆ, ಮೊದಲಿನ ಹಾಗೆಯೇ. ‘ನಿಮ್ಮನ್ನ ತಗದ ಮ್ಯಾಲೂ ಯಾಕ ಬರತೀರಿ ಗೂಡುಸಾಬರ?’ ಎಂದು ಕೇಳಿದೆ. ಅವರು ಬುಟ್ಟಿ ಕೆಳಗಿಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡು ಹೇಳಿದರು:

‘ನನ್ನ ತಗದಾರ ಅನ್ನೂದನ್ನ ಚಿಗರಿಗೆ ಯಾರ ಹೇಳ್ಯಾರ್ರಿ?’

ಮಾನ್ಯರೇ, ಸದರಿ ಗಣಿ ಗುತ್ತಿಗೆಯ ಅರ್ಜಿಯನ್ನು ತಿರಸ್ಕರಿಸಬೇಕು. ಮಾಂತೇಶನ ಮೂಲ ಪುಟವನ್ನು ಕಡತಕ್ಕೆ ಸೇರಿಸಿ, ಅದನ್ನು ತೆಗೆದವರು ಯಾರೆಂದು ವಿಚಾರಣೆ ಮಾಡಬೇಕು. ಗೂಡುಸಾಬರನ್ನು ಕೆಲಸಕ್ಕೆ, ಈ ಸಲ ಕಾಯಂ ಆಗಿ, ತೆಗೆದುಕೊಳ್ಳಲು ಸಂಬಂಧಿಸಿದವರಿಗೆ ತಾವು ಬರೆಯಬೇಕು. ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಬೇಡ. ಆ ಸಾಲಿನ ಅರ್ಥ ನನಗೆ ಗೊತ್ತು, ತಮ್ಮ ಪರವಾಗಿ ನೂರಾರು ಸಲ ಅದನ್ನು ಜನರಿಗೆ ಓದಿ ಹೇಳಿದ್ದೇನೆ. ಬೇಸಿಗೆ ಬಲಿಯುವ ಮುನ್ನ, ಏಪ್ರಿಲ್ ಹದಿನೈದರೊಳಗೆ ಆದೇಶವಾಗದಿದ್ದರೆ ಒರತಿಕೊಪ್ಪದವರು ಮತ್ತೆ ಬಂಡಿದಾರಿಯಲ್ಲಿ ಕೂರುತ್ತಾರೆ. ಈ ಸಲ ನಾನೂ ಕೂರುತ್ತೇನೆ. ನನ್ನನ್ನು ಬಂಧಿಸುವುದಾದರೆ ದೋಷಾರೋಪ ಪಟ್ಟಿಯನ್ನು ಕನ್ನಡದಲ್ಲಿ ಟೈಪು ಮಾಡಲು ಒಳ್ಳೆಯವರನ್ನೇ ನೇಮಿಸಿ, ಕಾಗುಣಿತ ತಪ್ಪಿದ್ದರೆ ನನಗೆ ಜೈಲಿನಲ್ಲೂ ನಿದ್ದೆ ಬಾರದು.

ಇಂತಿ,
ತಮ್ಮೆಲ್ಲರ ದಯೆಯಿಂದ ಸದ್ಯ ಸಾಕಷ್ಟು ಬಿಡುವಾಗಿರುವ
ಹಾಲೇಶಪ್ಪ, ಅರ್ಜಿ ಬೆರಳಚ್ಚುಗಾರ
ರಾಣೇಬೆನ್ನೂರು, ಮಾರ್ಚ್ ೨೦೦೭